ಲೈಬ್ರರಿ ಅಸಿಸ್ಟೆಂಟ್ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಬಹುದಾ? (ಟ್ರಂಕ್ ತುಂಬಾ ನಾಟಕದ ಹ್ಯಾಂಡ್‌ಬಿಲ್ ಇದೆ)

ಟ್ರಂಕಿನ ಕೀಲಿ:
ನಮಸ್ಕಾರ ಎಲ್ಲರಿಗೂ. ನಾನು ಹಾವೇರಿ ಕಡೆಯ ಒಂದು ಅನುದಾನಿತ ಕಾಲೇಜಿನಲ್ಲಿ ಲೈಬ್ರರಿ ಅಸಿಸ್ಟೆಂಟ್. ಹದಿನಾಲ್ಕು ವರ್ಷ ಆಯಿತು. ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಲಿಬ್ ಮಾಡಿಕೊಂಡಿದ್ದೇನೆ. ಪಿಎಚ್‌ಡಿ ಇಲ್ಲ, ಅಧ್ಯಾಪಕರಾಗಲು ಬರೆಯುವ ನೆಟ್ ಇಲ್ಲ, ಕೆ-ಸೆಟ್ ಇಲ್ಲ. ಇಶ್ಯೂ, ರಿಟರ್ನ್, ಬಾರ್‌ಕೋಡ್ ಹಚ್ಚುವುದು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬಂದಾಗ ಫೈಲ್ ಹೊರುವುದು, ಇಷ್ಟೇ ಕೆಲಸ.

ವಿಷಯ ಏನೆಂದರೆ, ನಮ್ಮ ಸ್ಟಾಕ್ ರೂಮಿನಲ್ಲಿ ಒಂದು ತಗಡಿನ ಟ್ರಂಕ್ ಇದೆ. ಕಂಪನಿ ನಾಟಕಗಳಿಗೆ ಪೇಟಿ (ಹಾರ್ಮೋನಿಯಂ) ಬಾರಿಸುತ್ತಿದ್ದ ಮಾಸ್ತರರೊಬ್ಬರದು. ಅವರು ತೀರಿಕೊಂಡ ಮೇಲೆ ಮನೆಯವರು ತಂದುಕೊಟ್ಟಿದ್ದರು. ಆಗ ಯಾರೂ ಬಿಚ್ಚಿ ನೋಡಲಿಲ್ಲ. ಲಾಕ್‌ಡೌನ್‌ನಲ್ಲಿ ನಾನೇ ಕೂತು ಬಿಡಿಸಿದೆ. 640 ಹ್ಯಾಂಡ್‌ಬಿಲ್, ರಂಗಗೀತೆ ಬರೆದುಕೊಂಡ ಒಂಬತ್ತು ನೋಟ್‌ಬುಕ್. ಹಳದಿ, ಗುಲಾಬಿ, ಹಸಿರು ಬಣ್ಣದ ತೆಳು ಕಾಗದ. ಮುಟ್ಟಿದರೆ ಪುಡಿ ಆಗುತ್ತದೆ. ಆವತ್ತಿನಿಂದ ಒಂದೊಂದಾಗಿ ಪಟ್ಟಿ ಮಾಡುತ್ತಾ ಬಂದಿದ್ದೇನೆ. ಸಂಜೆ ಐದರ ಮೇಲೆ, ಭಾನುವಾರ, ಹಾಗೆ.

ಒಂದು ಸಣ್ಣ ಅನುದಾನ ಸಿಕ್ಕರೆ ಸರಿಯಾಗಿ ಸ್ಕ್ಯಾನ್ ಮಾಡಿ, ಊರೂರು ತಿರುಗಿ ಹಳೆಯ ಕಲಾವಿದರನ್ನು ಕೇಳಿ ಬರಬಹುದು ಅನ್ನಿಸಿತು. ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಒಳ್ಳೆಯವರೇ. ಆದರೆ ಹೇಳಿದ್ದು ಇದು: "ನೀವು ನಾನ್-ಟೀಚಿಂಗ್ ಅಲ್ವಾ ಮೇಡಂ? ನಮ್ಮ ಎಚ್ಒಡಿ ಹೆಸರಲ್ಲಿ ಹಾಕೋಣ, ನೀವು ಫೀಲ್ಡ್ ಅಸಿಸ್ಟೆಂಟ್ ಆಗಿ ಇರಿ." ಎಚ್ಒಡಿ ಸರ್, ಅಂದರೆ ವಿಭಾಗದ ಮುಖ್ಯಸ್ಥರು, ಆ ಟ್ರಂಕ್ ನೋಡಿದ್ದು ಒಂದೇ ಸಲ, ಅದರ ಮೇಲೆ ಟಿಫನ್ ಬಾಕ್ಸ್ ಇಟ್ಟಾಗ.

ನನ್ನಂಥವರು ನೇರವಾಗಿ ಅರ್ಜಿ ಹಾಕಲು ಎಲ್ಲಾದರೂ ದಾರಿ ಇದೆಯಾ? ಹಾಕಿದವರು ಯಾರಾದರೂ ಇದ್ದೀರಾ?

ಗೆದ್ದಲು:
ಟಿಫನ್ ಬಾಕ್ಸ್ 😄 ಇದು ಎಲ್ಲಾ ಕಾಲೇಜಿನ ಕಥೆ.

ಚನ್ನಗಿರಿ ಹುಡುಗ:
ಹಾಕಿ ಮೇಡಂ, ಬಿಡಬೇಡಿ. ಯುಜಿಸಿ ಮೈನರ್ ರಿಸರ್ಚ್ ಪ್ರಾಜೆಕ್ಟ್ ಅಂತ ಒಂದಿದೆ, ನಮ್ಮ ಮಾವ ತೆಗೆದುಕೊಂಡಿದ್ದರು.

ರ‍್ಯಾಕ್ ನಂಬರ್ 7:
@ಚನ್ನಗಿರಿ ಹುಡುಗ ನಿಮ್ಮ ಮಾವನ ಕಾಲದಲ್ಲಿ ಇತ್ತು. 12ನೇ ಪಂಚವಾರ್ಷಿಕ ಯೋಜನೆ 2017ರಲ್ಲಿ ಮುಗಿಯಿತಲ್ಲ, ಅದರ ಜೊತೆ ಅದೂ ಹೋಯಿತು. ಈಗಲೂ ಜನ ಅದನ್ನೇ ಹೇಳುತ್ತಾರೆ. ಸುಮ್ನೆ ಹುಡುಕಿ ಟೈಮ್ ವೇಸ್ಟ್.

ನಿವೃತ್ತ ಗ್ರಂಥಪಾಲಕ:
ತಂಗೀ, ಮೊದಲು ಒಂದು ಮಾತು. "ನಾನ್-ಟೀಚಿಂಗ್" ಅನ್ನುವ ಪದ ಕೇಳಿ ಕುಗ್ಗಬೇಡಮ್ಮ. ಕೌಟಿಲ್ಯನ ಅರ್ಥಶಾಸ್ತ್ರ ಜಗತ್ತಿಗೆ ಸಿಕ್ಕಿದ್ದು ಹೇಗೆ ಗೊತ್ತಲ್ಲ? ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿ ಕಟ್ಟು ಕೊಟ್ಟು ಹೋದರು. ಅದನ್ನು ಬಿಚ್ಚಿ, ಓದಿ, ಇದು ಏನೆಂದು ಗುರುತು ಹಿಡಿದವರು ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು. ಯಾವುದೋ ವಿಭಾಗದ ಮುಖ್ಯಸ್ಥರಲ್ಲ. ಕಟ್ಟು ಬಿಚ್ಚಿದವರಿಗೇ ಮೊದಲು ಕಾಣುವುದು. 1909ರಲ್ಲಿ ಅದು ಸಿಕ್ಕಿದಾಗ ಇಡೀ ದೇಶವೇ ಬೆರಗಾಯಿತು.

ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ನನ್ನ ಕೈಯಲ್ಲಿ ಹಾದುಹೋದ ಎಷ್ಟೋ ಕಟ್ಟುಗಳನ್ನು ಬಿಚ್ಚದೆ ಅಕ್ಸೆಶನ್ ನಂಬರ್ (ದಾಖಲೆ ಸಂಖ್ಯೆ) ಹಾಕಿ ಒಳಗಿಟ್ಟಿದ್ದೇನೆ. ಈಗ ಬೇಜಾರಾಗುತ್ತದೆ.

ಪಟ್ಟು ಬಿಡದವ:
ಸರ್, ಸಣ್ಣ ತಿದ್ದುಪಡಿ. ಹಸ್ತಪ್ರತಿ ಸಿಕ್ಕಿದ್ದು 1905ರಲ್ಲಿ. ಅಚ್ಚಾಗಿದ್ದು 1909. ಇಂಗ್ಲಿಷ್ ಅನುವಾದ ಬಂದಿದ್ದು 1915. ಇನ್ನೊಂದು, ಶಾಮಶಾಸ್ತ್ರಿಗಳು ದೊಡ್ಡ ಸಂಸ್ಕೃತ ವಿದ್ವಾಂಸರು. ಅವರನ್ನು ತಂದು ಬಿ.ಲಿಬ್ ಅಸಿಸ್ಟೆಂಟ್ ಪಕ್ಕ ನಿಲ್ಲಿಸಿದರೆ ಕೇಳಲು ಚೆಂದ, ಅನುದಾನ ಕೊಡುವವರ ಮುಂದೆ ನಡೆಯುವುದಿಲ್ಲ.

ನಿವೃತ್ತ ಗ್ರಂಥಪಾಲಕ:
ಇಸವಿ ತಿದ್ದಿದ್ದಕ್ಕೆ ಧನ್ಯವಾದ. ಎರಡನೆಯದನ್ನು ಒಪ್ಪುವುದಿಲ್ಲ. ಅವರಿಗೆ ತಮಿಳುನಾಡು ಕಡೆ ಸಂಸ್ಕೃತ ಬರೆಯುತ್ತಿದ್ದ ‘ಗ್ರಂಥ’ ಲಿಪಿ ಓದಲು ಬರುತ್ತಿತ್ತು, ಅದಕ್ಕೇ ಗುರುತು ಸಿಕ್ಕಿತು. ಈಕೆಗೆ ಹ್ಯಾಂಡ್‌ಬಿಲ್ ಓದಲು ಬರುತ್ತದೆ. ಅದೂ ವಿದ್ಯೆಯೇ.

ಪಟ್ಟು ಬಿಡದವ:
ಹ್ಯಾಂಡ್‌ಬಿಲ್ ಓದಲು ಏನು ವಿದ್ಯೆ ಬೇಕು ಸರ್? ಕನ್ನಡದಲ್ಲೇ ಇದೆ.

ಟ್ರಂಕಿನ ಕೀಲಿ:
@ಪಟ್ಟು ಬಿಡದವ ನಾಳೆ ಒಂದು ಹಾಳೆಯ ವಿವರ ಹಾಕುತ್ತೇನೆ. ನೀವೇ ಇಸವಿ ಹೇಳಿ ನೋಡೋಣ.

ಫೈಲ್ ಮೂವ್ ಆಗಿದೆ:
ನಾನು ಒಂದು ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಸೆಕ್ಷನ್‌ನಲ್ಲಿ ಇದ್ದೇನೆ, ದಿನಾ ಇದೇ ಕೆಲಸ. ಗೊತ್ತಿರುವಷ್ಟು ಹೇಳುತ್ತೇನೆ.

ಸಮಾಜ ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಐಸಿಎಸ್ಎಸ್ಆರ್‌ನಂಥ ಕಡೆ ಮುಖ್ಯ ಸಂಶೋಧಕರು ಸಾಮಾನ್ಯವಾಗಿ ಕಾಯಂ ಅಧ್ಯಾಪಕರು ಅಥವಾ ಪಿಎಚ್‌ಡಿ ಆದವರು ಆಗಿರಬೇಕು. ಅಲ್ಲಿ ನಿಮ್ಮ ಪ್ರಿನ್ಸಿಪಾಲರು ಹೇಳಿದ್ದು ತಪ್ಪಲ್ಲ. ನಿಮಗೆ ಬೇಕಿರುವುದು ವ್ಯಕ್ತಿಗೆ ಕೊಡುವ ಅನುದಾನ, ಸಂಸ್ಥೆಗೆ ಕೊಡುವುದಲ್ಲ. ಈ ವ್ಯತ್ಯಾಸ ಮೊದಲು ತಲೆಗೆ ಹೋಗಬೇಕು. ಸಂಸ್ಥೆಗೆ ಕೊಡುವ ಹಣ ಕಾಲೇಜಿನ ಖಾತೆಗೆ ಬರುತ್ತದೆ. ಪಿಎಫ್‌ಎಂಎಸ್ ಅನ್ನುವ ಸರ್ಕಾರಿ ಹಣದ ಜಾಲತಾಣ, ಮೂರು ಕೊಟೇಶನ್, ಕೊನೆಗೆ ಜಿಎಫ್ಆರ್ 12-ಎ ನಮೂನೆಯಲ್ಲಿ ಯುಸಿ, ಅಂದರೆ ಹಣ ಬಳಸಿದ ಪ್ರಮಾಣಪತ್ರ. ಅದಕ್ಕೆ ನೀವು ಸಹಿ ಹಾಕುವವರಲ್ಲ. ಹಾಗಾಗಿ ದುಡ್ಡೂ ನಿಮ್ಮ ಕೈಯಲ್ಲಿ ಇರುವುದಿಲ್ಲ, ಹೆಸರೂ ಇರುವುದಿಲ್ಲ.

ನಿಮ್ಮದು ರಂಗಭೂಮಿ. ಬೆಂಗಳೂರಿನಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, ಐಎಫ್ಎ ಅಂತಾರೆ. 1995ರಿಂದ ಅನುದಾನ ಕೊಡುತ್ತಿದ್ದಾರೆ. ವ್ಯಕ್ತಿಗಳಿಗೇ ಕೊಡುತ್ತಾರೆ. ಅರ್ಜಿ ಕನ್ನಡದಲ್ಲೇ ಬರೆಯಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಅಲ್ಲಿಗೇ ಫೋನ್ ಮಾಡುತ್ತಿದ್ದೆ. ಹೌದು, ಫೋನ್. ಅರ್ಜಿ ಬರೆಯುವ ಮೊದಲೇ ಕೇಳಿದರೆ ಇದು ನಮ್ಮಲ್ಲಿ ಆಗುತ್ತದೆ, ಇದು ಆಗುವುದಿಲ್ಲ ಅಂತ ಹೇಳುತ್ತಾರೆ.

ಮಲೆನಾಡ ಮಂಜು:
ಬ್ರಿಟಿಷ್ ಲೈಬ್ರರಿಯವರ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ ಬಿಟ್ಟುಬಿಟ್ಟಿರಲ್ಲ? 2004ರಿಂದ ನಡೆಯುತ್ತಿದೆ. ಮೂಲ ಪ್ರತಿ ಇಲ್ಲೇ ಉಳಿಯುತ್ತದೆ, ಡಿಜಿಟಲ್ ಪ್ರತಿ ಮಾತ್ರ ಅವರಿಗೆ. ದುಡ್ಡೂ ಜಾಸ್ತಿ.

ಫೈಲ್ ಮೂವ್ ಆಗಿದೆ:
ಬಿಟ್ಟಿಲ್ಲ, ಬೇಕಂತಲೇ ಹೇಳಲಿಲ್ಲ. ಒಂದು, ಅಲ್ಲಿ ಆತಿಥೇಯ ಸಂಸ್ಥೆ ಬೇಕು. ಎರಡು, ಅವರು ನೋಡುವುದು ಹೆಚ್ಚಾಗಿ ಇಪ್ಪತ್ತನೇ ಶತಮಾನದ ನಡುವಿಗಿಂತ ಹಿಂದಿನದನ್ನು. ಟ್ರಂಕಿನಲ್ಲಿ ಅರವತ್ತರ ದಶಕದ್ದೂ ಇದ್ದರೆ ಅರ್ಧ ಒಳಗೆ, ಅರ್ಧ ಹೊರಗೆ. ಈಚಿನದಕ್ಕೆ ಅಮೆರಿಕದ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಬೇರೆ ಕಾರ್ಯಕ್ರಮ ಇದೆ.

ಎಲ್ಲಕ್ಕಿಂತ ದೊಡ್ಡದು ಎಫ್‌ಸಿಆರ್‌ಎ, ವಿದೇಶಿ ದೇಣಿಗೆಯ ಕಾಯ್ದೆ. ವಿದೇಶಿ ಹಣ ತೆಗೆದುಕೊಳ್ಳಲು ಸಂಸ್ಥೆಗೆ ಆ ನೋಂದಣಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಸರ್ಕಾರಿ ನೌಕರರು ತೆಗೆದುಕೊಳ್ಳುವಂತೆಯೇ ಇಲ್ಲ. 2020ರ ತಿದ್ದುಪಡಿ ಅದನ್ನು "ಸಾರ್ವಜನಿಕ ಸೇವಕ" ಅಂತ ಇನ್ನೂ ಅಗಲ ಮಾಡಿತು. ಅನುದಾನಿತ ಕಾಲೇಜಿನವರು, ಸಂಬಳ ಸರ್ಕಾರದ್ದು. ಹಾಗಾಗಿ ಆ ಕಡೆ ಕೈ ಹಾಕುವ ಮೊದಲು ತಿಳಿದವರನ್ನು ಕೇಳಿ. ಯಾರೋ ಗೆಳೆಯರು ಖಾತೆಗೆ ಹಾಕುತ್ತಾರೆ ಅಂತ ಮಾತ್ರ ಹೋಗಬೇಡಿ.

ಪಂಚಾಯ್ತಿ ಪುಸ್ತಕ:
ನೀವೆಲ್ಲ ಅನುದಾನ ಅನುದಾನ ಅಂತೀರಿ. ನಾನು ಗ್ರಾಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕ. 2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್‌ಗೆ ಕೊಟ್ಟರು. ಬೋರ್ಡ್ "ಅರಿವು ಕೇಂದ್ರ" ಆಯಿತು. ಜನ ಮನೆ ತೆರಿಗೆಯಲ್ಲಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕಟ್ಟುತ್ತಾರೆ, ಆ ಕರ ಬಂದಿದ್ದು 1965ರ ಕಾಯ್ದೆಯಿಂದ. ಆ ದುಡ್ಡು ಲೈಬ್ರರಿಗೆ ಪೂರ್ತಿ ಬಂದರೆ ಯಾರೂ ಅರ್ಜಿ ಹಿಡಿದು ಅಲೆಯಬೇಕಿಲ್ಲ.

ಗೆದ್ದಲು:
@ಪಂಚಾಯ್ತಿ ಪುಸ್ತಕ ಸರಿ ಅಣ್ಣಾ, ಅದಕ್ಕೆ ಬೇರೆ ಚರ್ಚೆ ತೆಗಿ. ಇಲ್ಲಿ ಶುರುವಾದರೆ ಟ್ರಂಕ್ ಕಳೆದುಹೋಗುತ್ತದೆ.

ಪಂಚಾಯ್ತಿ ಪುಸ್ತಕ:
ತೆಗೆದರೆ ಯಾರು ಬರ್ತಾರೆ? ಅದಕ್ಕೇ ಇಲ್ಲಿ ಹೇಳಿದ್ದು.

ಟ್ರಂಕಿನ ಕೀಲಿ:
ಸರಿ, ಹೇಳಿದಂತೆ ಒಂದು ಹಾಳೆ. ಗುಲಾಬಿ ಕಾಗದ, ಅಂಗೈ ಎರಡರಷ್ಟು ಉದ್ದ. ಮೇಲ್ಭಾಗ ಹರಿದಿದೆ, ಕಂಪನಿ ಹೆಸರು ಹೋಗಿದೆ. ಉಳಿದದ್ದು ಇಷ್ಟು:

"ಮೊಕ್ಕಾಂ ಬನಶಂಕರಿ. ಜಾತ್ರಾ ನಿಮಿತ್ತ. ಬನದ ಹುಣ್ಣಿಮೆ ಗುರುವಾರ ತಾ. 17 ಜನವರಿ ರಾತ್ರಿ." ಕೆಳಗೆ ಗಾದಿ, ಕುರ್ಚಿ, ಬೆಂಚು, ನೆಲ ಅಂತ ದರ, ಎಲ್ಲಾ ಆಣೆಯಲ್ಲಿ. "ಸ್ತ್ರೀಯರಿಗೆ ಪ್ರತ್ಯೇಕ ಆಸನ ವ್ಯವಸ್ಥೆ ಉಂಟು." ತಳದಲ್ಲಿ "ಜಿಲ್ಲಾ ವಿಜಾಪುರ". ಇಸವಿ ಇಲ್ಲ. ನನ್ನ 640ರಲ್ಲಿ ಮುಕ್ಕಾಲು ಪಾಲಿಗೆ ಇಸವಿ ಇಲ್ಲ. ಇವತ್ತು ಬಂದು ನಾಳೆ ನೋಡುವ ಜನಕ್ಕೆ ಇಸವಿ ಯಾಕೆ ಬೇಕು ಅಲ್ವಾ?

ಹೇಳಿ, ಯಾವ ವರ್ಷ?

ಚನ್ನಗಿರಿ ಹುಡುಗ:
ಆಣೆ ಇದೆ ಅಂದರೆ 1957ರ ಏಪ್ರಿಲ್‌ಗಿಂತ ಮುಂಚೆ. ಆವತ್ತಿನಿಂದ ನಯಾ ಪೈಸೆ ಬಂತು. ಇದನ್ನಾದರೂ ಸರಿಯಾಗಿ ಹೇಳಿದೆನಾ?

ರ‍್ಯಾಕ್ ನಂಬರ್ 7:
ಅಷ್ಟು ಸುಲಭ ಅಲ್ಲ. ನಯಾ ಪೈಸೆ ಬಂದ ಮೇಲೂ ನಾಲ್ಕಾಣೆ ಎಂಟಾಣೆ ನಮ್ಮ ಬಾಯಿಂದ ಹೋಗಲಿಲ್ಲ. ಹಳೆಯ ಅಚ್ಚಿನ ಮೊಳೆ ಹಾಗೇ ಇಟ್ಟುಕೊಂಡು ಹೊಡೆದಿರಬಹುದು. "ನ.ಪೈ." ಅಂತಿದ್ದರೆ ಮಾತ್ರ ಖಂಡಿತ ಹೇಳಬಹುದು, 1957ರಿಂದ 64ರ ಒಳಗೆ ಅಂತ. ಆಮೇಲೆ "ನಯಾ" ಬಿಟ್ಟರು. ಆಣೆ ಅನ್ನುವುದು ಗುಮಾನಿ ಅಷ್ಟೇ, ಸಾಕ್ಷಿ ಅಲ್ಲ.

ಪಟ್ಟು ಬಿಡದವ:
"ಜಿಲ್ಲಾ ವಿಜಾಪುರ" ಹಿಡಿಯೋಣ. ಅದು ಮುಂಬೈ ಪ್ರಾಂತದ ಕಾಲದ್ದು, ಅಂದರೆ 1956 ನವೆಂಬರ್ ಏಕೀಕರಣಕ್ಕಿಂತ ಮುಂಚೆ.

ಗೆದ್ದಲು:
@ಪಟ್ಟು ಬಿಡದವ ಹಾ ಹಾ ಸಿಕ್ಕಿಬಿದ್ದಿರಿ. ಏಕೀಕರಣ ಆದ ಮೇಲೂ ಬನಶಂಕರಿ ಇರುವ ಬದಾಮಿ ವಿಜಾಪುರ ಜಿಲ್ಲೆಯಲ್ಲೇ ಇತ್ತು ಸ್ವಾಮಿ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ನಾನು ಆ ಕಡೆಯವನೇ.

ಪಟ್ಟು ಬಿಡದವ:
ಒಪ್ಪಿದೆ.

ಅಜ್ಜಿಯ ಪಂಚಾಂಗ:
ಗುರುವಾರ ಮತ್ತು 17 ಜನವರಿ ಕೂಡುವ ವರ್ಷಗಳನ್ನು ಲೆಕ್ಕ ಹಾಕಿದೆ. 1929, 1935, 1946, 1952, 1957, 1963. ಇದರಲ್ಲಿ ಬನದ ಹುಣ್ಣಿಮೆ, ಅಂದರೆ ಪುಷ್ಯ ಹುಣ್ಣಿಮೆ, ಯಾವ ವರ್ಷ 17ಕ್ಕೆ ಬಿತ್ತು ನೋಡಬೇಕು. 1929ರಲ್ಲಿ ಒಂದು ವಾರ ಮುಂದೆ ಹೋಗುತ್ತದೆ. 1935ರಲ್ಲಿ 19ಕ್ಕೆ. 52ರಲ್ಲೂ 63ರಲ್ಲೂ ಎಷ್ಟೋ ದಿನ ಮುಂಚೆಯೇ ಮುಗಿದಿತ್ತು. ಉಳಿದದ್ದು 1946 ಮತ್ತು 1957.

ನಾನು 1957 ಅಂತೇನೆ. ಆಣೆ ಇನ್ನೂ ಇತ್ತು, ಜಾತ್ರೆಯಲ್ಲಿ ಕಂಪನಿಗಳ ಭರಾಟೆ ಇತ್ತು.

ಟ್ರಂಕಿನ ಕೀಲಿ:
ಅಜ್ಜೀ, ತುಂಬಾ ಹತ್ತಿರ ಬಂದಿರಿ. 1957ರಲ್ಲಿ ಹುಣ್ಣಿಮೆ ಬುಧವಾರ 16ಕ್ಕೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಚಂದ್ರ ಪೂರ್ತಿ ಆಗಿ ಇಳಿಯಲು ಶುರು. ಗುರುವಾರ ರಾತ್ರಿಯನ್ನು ಯಾರೂ "ಬನದ ಹುಣ್ಣಿಮೆ ಗುರುವಾರ" ಅನ್ನುವುದಿಲ್ಲ. 1946ರಲ್ಲಿ ಗುರುವಾರ ರಾತ್ರಿ ಎಂಟೂಕಾಲರ ಸುಮಾರಿಗೆ ಹುಣ್ಣಿಮೆ. ಪರದೆ ಏಳುವ ಹೊತ್ತಿಗೆ ಚಂದ್ರ ತಲೆಯ ಮೇಲೆ. ಹಾಗಾಗಿ ಇದು 1946.

ಮೊದಲ ಸಲ ಇದು ಹೊಂದಿದಾಗ ಸ್ಟಾಕ್ ರೂಮಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಬಿಟ್ಟೆ. ಅಟೆಂಡರ್ ಓಡಿಬಂದ, ಹಾವು ಅಂದುಕೊಂಡು.

ಅಜ್ಜಿಯ ಪಂಚಾಂಗ:
ಸೋತೆ. ಆದರೆ ನಾನು ಅಜ್ಜಿ ಅಲ್ಲ, ಮೊಮ್ಮಗ. ಪಂಚಾಂಗ ಅಜ್ಜಿಯದು.

ಪಟ್ಟು ಬಿಡದವ:
ಸರಿ. ಹ್ಯಾಂಡ್‌ಬಿಲ್ ಓದಲು ವಿದ್ಯೆ ಬೇಕು. ವಾಪಸ್ ತೆಗೆದುಕೊಂಡೆ.

ಆದರೆ ಮೇಡಂ, ಒಂದು ಗಟ್ಟಿ ಮಾತು. ನೀವು ಮೊದಲ ಪೋಸ್ಟ್‌ನಲ್ಲಿ "ಸ್ಕ್ಯಾನ್ ಮಾಡಬೇಕು" ಅಂತ ಬರೆದಿರಿ. ಸ್ಕ್ಯಾನ್ ಮಾಡುವುದು ಸಂಶೋಧನೆ ಅಲ್ಲ. ಅದಕ್ಕೆ ಜೆರಾಕ್ಸ್ ಅಂಗಡಿಯವನೂ ಸಾಕು. ಈಗ ಮಾಡಿ ತೋರಿಸಿದ್ದು ಸಂಶೋಧನೆ. ಅರ್ಜಿಯಲ್ಲಿ ಇದನ್ನೇ ಬರೆಯಬೇಕು.

ಮಲೆನಾಡ ಮಂಜು:
ಸ್ಕ್ಯಾನ್ ಮಾಡುವುದೂ ಸುಮ್ನೆ ಕೆಲಸ ಅಲ್ಲ ಮಾರಾಯ್ರೆ. ಮೆಟಾಡೇಟಾ, ಅಂದರೆ ಒಂದೊಂದು ಹಾಳೆಯ ವಿವರ, ಯಾರು ತುಂಬುತ್ತಾರೆ? ಜೆರಾಕ್ಸ್ ಅಂಗಡಿಯವನಾ?

ಮೂರು ಸಲ ಬಿದ್ದವಳು:
ನಾನೂ ಲೈಬ್ರರಿಯವಳೇ. ಬೇರೆ ಬೇರೆ ಕಡೆ ಮೂರು ಸಲ ಅರ್ಜಿ ತಿರಸ್ಕಾರ ಆಗಿದೆ, ನಾಲ್ಕನೆಯದು ಸಿಕ್ಕಿತು. ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಮೊದಲ ಅರ್ಜಿ ಈಗ ತೆಗೆದು ಓದಿದರೆ ನಗು ಬರುತ್ತದೆ. ಎರಡು ಪುಟದಲ್ಲಿ "ಅಮೂಲ್ಯ" ಅನ್ನುವ ಪದ ಏಳು ಸಲ ಇದೆ. ನಾಡು, ನುಡಿ, ಪರಂಪರೆ, ಮುಂದಿನ ಪೀಳಿಗೆ ಎಲ್ಲಾ ಇದೆ. ಎಷ್ಟು ಹಾಳೆ ಇವೆ ಅನ್ನುವುದು ಮಾತ್ರ ಇಲ್ಲ! ಅವರು ಕೇಳಿದ್ದೇ ಅದು. ಎಷ್ಟಿವೆ, ಎಲ್ಲಿವೆ, ಯಾರದು, ಯಾವ ಸ್ಥಿತಿಯಲ್ಲಿವೆ. ಎರಡನೇ ಸಲ ಎಣಿಸಿ ಬರೆದೆ. ಆಗ, ಇದರಿಂದ ನಿಮಗೆ ಏನು ತಿಳಿಯಬೇಕಾಗಿದೆ ಅಂತ ಕೇಳಿದರು. ನನಗೆ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಎಣಿಸಿದ್ದೇನೆ, ಇನ್ನೇನು ಬೇಕು ಇವರಿಗೆ ಅಂತ. ಒಂದು ತಿಂಗಳು ಅರ್ಜಿ ಮುಟ್ಟಲಿಲ್ಲ. ಆಮೇಲೆ ನಿಧಾನಕ್ಕೆ ಗೊತ್ತಾಯಿತು, ನಾನು ಪೆಟ್ಟಿಗೆಯ ಬಗ್ಗೆ ಬರೆದಿದ್ದೆ, ಪೆಟ್ಟಿಗೆ ಬಿಚ್ಚಿದಾಗ ನನ್ನ ತಲೆಗೆ ಬಂದ ಪ್ರಶ್ನೆಗಳ ಬಗ್ಗೆ ಬರೆದಿರಲಿಲ್ಲ. ಮೂರನೇ ಸಲ ಬಿದ್ದಿದ್ದು ಬಜೆಟ್‌ನಲ್ಲಿ. "ಇತರೆ ಖರ್ಚು" ಅಂತ ಒಂದು ದಪ್ಪ ಮೊತ್ತ ಹಾಕಿದ್ದೆ. ಇತರೆ ಅಂದರೆ ಯಾರೂ ನಂಬುವುದಿಲ್ಲ ಅಕ್ಕಾ.

ನೀವು ಆ ಬನಶಂಕರಿ ಹಾಳೆಯಿಂದಲೇ ಅರ್ಜಿ ಶುರು ಮಾಡಿ. ಮೊದಲ ಸಾಲೇ "ಈ ಹಾಳೆಯಲ್ಲಿ ಇಸವಿ ಇಲ್ಲ" ಅಂತಿರಲಿ. ಓದುವವರು ಎರಡನೇ ಪುಟಕ್ಕೆ ಬಂದೇ ಬರುತ್ತಾರೆ.

ಟ್ರಂಕಿನ ಕೀಲಿ:
@ಮೂರು ಸಲ ಬಿದ್ದವಳು ಅಕ್ಕಾ (ಅಥವಾ ತಂಗಿ?), ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡೆ.

ನನ್ನ ಪ್ರಶ್ನೆ ಏನು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಒಂದು ಕಂಪನಿ ವರ್ಷದಲ್ಲಿ ಎಲ್ಲೆಲ್ಲಿ ಮೊಕ್ಕಾಂ ಹೂಡುತ್ತಿತ್ತು? ಯಾವ ಜಾತ್ರೆಯಿಂದ ಯಾವ ಜಾತ್ರೆಗೆ? ಮಳೆಗಾಲದಲ್ಲಿ ಎಲ್ಲಿ? ಇಸವಿ ಗೊತ್ತಾದ ಹಾಳೆಗಳನ್ನು ಸಾಲಾಗಿ ಇಟ್ಟರೆ ದಾರಿ ಕಾಣುತ್ತದೆ. ಈಗಾಗಲೇ ಒಂದು ಕಂಪನಿಯದು ಎರಡು ವರ್ಷದ ದಾರಿ ಅರ್ಧ ಸಿಕ್ಕಿದೆ. ಇನ್ನೊಂದು, ನಟಿಯರ ಹೆಸರು. ಕೆಲವು ಹಾಳೆಯಲ್ಲಿ ಗಂಡಸರ ಹೆಸರೆಲ್ಲ ದಪ್ಪಕ್ಷರದಲ್ಲಿ, ಹೆಣ್ಣುಮಕ್ಕಳದ್ದು "ಸ್ತ್ರೀ ಪಾತ್ರಗಳನ್ನು ಸ್ತ್ರೀಯರೇ ಅಭಿನಯಿಸುವರು" ಅಂತ ಒಂದೇ ಸಾಲು. ಯಾವಾಗಿನಿಂದ ಅವರ ಹೆಸರು ಬರಲು ಶುರುವಾಯಿತು? ಇದು ಪ್ರಶ್ನೆ ಆಗುತ್ತದಾ?

ಪಟ್ಟು ಬಿಡದವ:
ಆಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿದೆ.

ನಿವೃತ್ತ ಗ್ರಂಥಪಾಲಕ:
ತಂಗೀ, ಹಾಳೆಯ ತೀರಾ ತಳದಲ್ಲಿ ಚುಕ್ಕೆಯಂಥ ಅಕ್ಷರದಲ್ಲಿ ಮುದ್ರಣಾಲಯದ ಹೆಸರು ಇರುತ್ತದೆ ನೋಡು. 1867ರ ಕಾಯ್ದೆ ಪ್ರಕಾರ ಮುದ್ರಕರ ಹೆಸರು, ಊರು ಹಾಕಲೇಬೇಕಿತ್ತು. ಪ್ರೆಸ್ ಯಾವಾಗ ಶುರುವಾಯಿತು, ಯಾವಾಗ ಮುಚ್ಚಿತು ಗೊತ್ತಾದರೆ ಇಸವಿಗೆ ಇನ್ನೊಂದು ಆಸರೆ. ಆ ಪ್ರೆಸ್‌ನವರ ಮೊಮ್ಮಕ್ಕಳು ಈಗ ಫ್ಲೆಕ್ಸ್ ಹೊಡೆಯುತ್ತಿರುತ್ತಾರೆ, ಹೋಗಿ ಮಾತಾಡಿಸು.

ಇನ್ನೊಂದು ವಿಷಯ. ಸೆಲ್ಲೋಟೇಪ್ ಹಚ್ಚಬೇಡ. ಲ್ಯಾಮಿನೇಶನ್ ಮಾಡಿಸೋಣ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೋ. ಅಂಥ ಉಪಕಾರ ಮಾಡಿ ಹಾಳಾದ ಕಾಗದ ಗೆದ್ದಲು ತಿಂದಿದ್ದಕ್ಕಿಂತ ಜಾಸ್ತಿ ನೋಡಿದ್ದೇನೆ. ಆಮ್ಲ ಇಲ್ಲದ ಕಾಗದದ ಫೋಲ್ಡರ್ ಸಿಗುತ್ತದೆ, ಅದಕ್ಕೆ ಬಜೆಟ್‌ನಲ್ಲಿ ಹಣ ಇಡು. ಹಿಂದೆ ಓಲೆಗರಿ ಕಟ್ಟಿನ ಜೊತೆ ಬಜೆ ಬೇರು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು, ಹುಳು ಬಾರದಿರಲಿ ಅಂತ. ಅದನ್ನು ಇಟ್ಟರೂ ನಷ್ಟ ಇಲ್ಲ, ಕಾಗದಕ್ಕೆ ತಾಗದಂತೆ.

ಗೆದ್ದಲು:
ನನ್ನ ಹೆಸರು ಎತ್ತಿದ್ದಕ್ಕೆ ಪ್ರತಿಭಟನೆ.

ಚನ್ನಗಿರಿ ಹುಡುಗ:
ಬಜೆಟ್‌ನಲ್ಲಿ ಒಳ್ಳೆಯ ಸ್ಕ್ಯಾನರ್ ಹಾಕಿ ಮೇಡಂ, ಓವರ್‌ಹೆಡ್ ಸ್ಕ್ಯಾನರ್. ಮತ್ತೆ 4 ಟಿಬಿ ಹಾರ್ಡ್ ಡಿಸ್ಕ್ ಎರಡು. ಕಾಲೇಜಿಗೂ ಆಗುತ್ತದೆ.

ರ‍್ಯಾಕ್ ನಂಬರ್ 7:
ಕಾಲೇಜಿಗೂ ಆಗುತ್ತದೆ ಅಂತ ಹಾಕಿದ ಯಂತ್ರ ಎಲ್ಲಿರುತ್ತದೆ ಗೊತ್ತಾ? ಪ್ರಿನ್ಸಿಪಾಲ್ ಚೇಂಬರ್‌ನಲ್ಲಿ, ಕವರ್ ಹಾಕಿಕೊಂಡು.

ಲೆಕ್ಕ ನೋಡಿ. ಎ4 ಅಳತೆ, 300 ಡಿಪಿಐ, ಬಣ್ಣದ ಟಿಫ್ ಫೈಲ್ ಒಂದಕ್ಕೆ ಸುಮಾರು 25 ಎಂಬಿ. 640 ಹಾಳೆ, ಎರಡೂ ಬದಿ ಅಂದರೆ 1280 ಚಿತ್ರ, 32 ಜಿಬಿ. ಒಂಬತ್ತು ನೋಟ್‌ಬುಕ್ ತಲಾ 200 ಪುಟ ಅಂದುಕೊಂಡರೆ ಇನ್ನೊಂದು 45 ಜಿಬಿ. ಒಟ್ಟು 77. ಒಂದು 128 ಜಿಬಿ ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ! ಪೆನ್‌ಡ್ರೈವ್ ನಂಬಬೇಡಿ ಅದು ಬೇರೆ ಮಾತು. ಚಿಕ್ಕ ಹಾರ್ಡ್ ಡಿಸ್ಕ್ ಎರಡು, ಇನ್ನೊಂದು ಪ್ರತಿ ಬೇರೆ ಊರಲ್ಲಿ. ಮುಟ್ಟಿದರೆ ಪುಡಿ ಆಗುವ ಕಾಗದವನ್ನು ಸಾಧಾರಣ ಸ್ಕ್ಯಾನರ್ ಮೇಲೆ ಒತ್ತಬಾರದು, ಅದು ನಿಜ. ಆದರೆ ಅದಕ್ಕೆ ಕ್ಯಾಮೆರಾ, ಸ್ಟ್ಯಾಂಡ್, ಎರಡು ದೀಪ ಸಾಕು. ಕ್ಯಾಮೆರಾ ಬಾಡಿಗೆಗೂ ಸಿಗುತ್ತದೆ.

ಹಣ ಬೇಕಾಗುವುದು ತಿರುಗಾಟಕ್ಕೆ ಮತ್ತು ನಿಮ್ಮ ಸಮಯಕ್ಕೆ. ನಿಮ್ಮ ಸಮಯಕ್ಕೆ ಬೆಲೆ ಹಾಕಲು ನಾಚಿಕೊಳ್ಳಬೇಡಿ. ನಮ್ಮವರು ಇಲ್ಲೇ ಎಡವುವುದು. ಯಂತ್ರಕ್ಕೆ ಲಕ್ಷ ಬರೆಯುತ್ತಾರೆ, ತಮಗೆ ಸೊನ್ನೆ.

ಫೈಲ್ ಮೂವ್ ಆಗಿದೆ:
ರ‍್ಯಾಕ್ ಹೇಳಿದ್ದು ಸರಿ. ಆದರೆ ಸಮಯಕ್ಕೆ ಹಣ ತೆಗೆದುಕೊಳ್ಳಲು ಆಡಳಿತ ಮಂಡಳಿಯ ಅನುಮತಿ ಪತ್ರ ಬೇಕು. ಸಂಬಳ ಬರುವ ಕೆಲಸದ ವೇಳೆ ಬೇರೆ, ಇದು ಬೇರೆ ಅಂತ ಅದರಲ್ಲಿ ಸ್ಪಷ್ಟ ಇರಲಿ. ನಾಳೆ ಯಾರೋ ಆರ್‌ಟಿಐ ಹಾಕಿದರೆ ಉತ್ತರ ಕೊಡಬೇಕಾದವರು ನೀವೇ.

ಮಲೆನಾಡ ಮಂಜು:
ಟ್ರಂಕ್ ಯಾರದು ಅಂತ ಯಾರೂ ಕೇಳಲೇ ಇಲ್ಲ? ಮನೆಯವರು ಕೊಟ್ಟಾಗ ಪತ್ರ ಏನಾದರೂ ಇದೆಯಾ? ಅಕ್ಸೆಶನ್ ರಿಜಿಸ್ಟರ್‌ನಲ್ಲಿ ಏರಿದೆಯಾ?

ಟ್ರಂಕಿನ ಕೀಲಿ:
ಇಲ್ಲ. ಅದೇ ತಲೆನೋವು. ಹ್ಯಾಂಡ್‌ಬಿಲ್‌ಗೆ ಅಕ್ಸೆಶನ್ ನಂಬರ್ ಕೊಡುವುದು ಹೇಗೆ? ಕೊಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್‌ನಲ್ಲಿ ಪುಸ್ತಕ ಅಂತ ಹಾಕಿದರೆ 640 ಪುಸ್ತಕ ಜಾಸ್ತಿ ಆಗುತ್ತದೆ, ಸ್ಟಾಕ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬೀಳುತ್ತೇನೆ. ಸದ್ಯಕ್ಕೆ ರಿಜಿಸ್ಟರ್‌ನಲ್ಲಿ "ತಗಡಿನ ಟ್ರಂಕ್ 1" ಅಂತ ಡೆಡ್ ಸ್ಟಾಕ್‌ನಲ್ಲಿ (ಪೀಠೋಪಕರಣದಂಥ ಸಾಮಾನಿನ ಪಟ್ಟಿಯಲ್ಲಿ) ಇದೆ. ಟೇಬಲ್ ಫ್ಯಾನ್ ಪಕ್ಕ.

ನಿವೃತ್ತ ಗ್ರಂಥಪಾಲಕ:
ಡೆಡ್ ಸ್ಟಾಕ್! ಒಂದು ದಿನ ಹರಾಜು ಹಾಕಿಬಿಡುತ್ತಾರಮ್ಮ. ಅರ್ಜಿ ಆಮೇಲೆ, ಈ ವಾರವೇ ಬೇರೆ ರಿಜಿಸ್ಟರ್ ತೆಗೆ. "ವಿಶೇಷ ಸಂಗ್ರಹ" ಅಂತ ಹೆಸರು ಕೊಟ್ಟು ಇಡೀ ಟ್ರಂಕಿಗೆ ಒಂದೇ ನಂಬರ್, ಒಳಗಿನ ಹಾಳೆಗಳಿಗೆ ಉಪಸಂಖ್ಯೆ. ಮನೆಯವರಿಂದ ಒಂದು ದಾನಪತ್ರ ಬರೆಸಿಕೊ. ಸ್ಕ್ಯಾನ್ ಮಾಡಲು, ಜನರಿಗೆ ತೋರಿಸಲು ಒಪ್ಪಿಗೆ ಇದೆ ಅಂತ ಅದರಲ್ಲೇ ಇರಲಿ.

ಮಲೆನಾಡ ಮಂಜು:
ಕಾಪಿರೈಟ್ ಕೂಡ ನೋಡಿ. ಬರೆದವರ ಹೆಸರಿಲ್ಲದ ಹ್ಯಾಂಡ್‌ಬಿಲ್ ಪ್ರಕಟವಾಗಿ 60 ವರ್ಷ ಆಗಿದ್ದರೆ ತೊಂದರೆ ಇಲ್ಲ. ನೋಟ್‌ಬುಕ್ ಹಾಗಲ್ಲ. ಹಾಡು ಬರೆದ ಕವಿ ತೀರಿಕೊಂಡು 60 ವರ್ಷ ಆಗಿರಬೇಕು. ಹಾಡು 1940ರದ್ದಾದರೂ ಕವಿ 1980ರವರೆಗೆ ಬದುಕಿದ್ದರೆ 2040ರವರೆಗೆ ಕಾಯಬೇಕು. ಹಾಗಾಗಿ ಈಗ ಹ್ಯಾಂಡ್‌ಬಿಲ್ ಮಾತ್ರ ಹಿಡಿದುಕೊಳ್ಳಿ. ನೋಟ್‌ಬುಕ್ ಫೋಟೋ ತೆಗೆದು ಒಳಗೆ ಇಡಿ, ನೆಟ್‌ಗೆ ಹಾಕಬೇಡಿ.

ಪಂಚಾಯ್ತಿ ಪುಸ್ತಕ:
ಮೇಡಂ, ಎಚ್ಒಡಿ ವಿಷಯ ಏನಾಯಿತು? ಎಲ್ಲರೂ ಪಂಚಾಂಗದಲ್ಲಿ ಮುಳುಗಿಬಿಟ್ಟರು.

ಮೂರು ಸಲ ಬಿದ್ದವಳು:
ಅದಕ್ಕೆ ನನ್ನ ಉಪಾಯ ಹೇಳಲಾ? ಜಗಳ ಆಡಬೇಡಿ. "ಇದು ವ್ಯಕ್ತಿಗೆ ಕೊಡುವ ಅನುದಾನ ಸರ್, ಕಾಲೇಜಿಗೆ ಯುಸಿ ತಾಪತ್ರಯ ಇಲ್ಲ, ಆಡಿಟ್ ಇಲ್ಲ" ಅನ್ನಿ. ಆಡಿಟ್ ಇಲ್ಲ ಅಂದರೆ ಪ್ರಿನ್ಸಿಪಾಲರ ಮುಖ ಅರಳುತ್ತದೆ. ಎಚ್ಒಡಿ ಸರ್ ಅವರನ್ನು ಸಲಹೆಗಾರರು ಅಂತ ಅರ್ಜಿಯಲ್ಲಿ ಸೇರಿಸಿ, ಅವರಿಗೂ ಸಮಾಧಾನ. ಸಲಹೆ ಕೇಳಿ, ಕೊಟ್ಟರೆ ತೆಗೆದುಕೊಳ್ಳಿ.

ಪಟ್ಟು ಬಿಡದವ:
ಯಾಕೆ ಸೇರಿಸಬೇಕು? ಟಿಫನ್ ಬಾಕ್ಸ್ ಇಟ್ಟಿದ್ದಕ್ಕಾ? ಕೆಲಸ ಮಾಡದವರ ಹೆಸರು ಹಾಕುವ ಈ ಅಭ್ಯಾಸದಿಂದಲೇ ನಮ್ಮ ಕಾಲೇಜುಗಳ ಸಂಶೋಧನೆ ಹೀಗಾಗಿದೆ.

ಮೂರು ಸಲ ಬಿದ್ದವಳು:
ನೀವು ಆ ಸ್ಟಾಫ್ ರೂಮಿನಲ್ಲಿ ಇನ್ನೂ ಇಪ್ಪತ್ತು ವರ್ಷ ಚಹಾ ಕುಡಿಯಬೇಕಾಗಿಲ್ಲ ಅಣ್ಣಾ. ಅವರು ಕುಡಿಯಬೇಕು.

ಪಟ್ಟು ಬಿಡದವ:
ಆದರೂ ನನಗೆ ಸರಿ ಕಾಣುವುದಿಲ್ಲ.

ಟ್ರಂಕಿನ ಕೀಲಿ:
ಎಲ್ಲರಿಗೂ ಅಪ್‌ಡೇಟ್. ಐಎಫ್ಎಗೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು. ಕನ್ನಡದಲ್ಲೇ ಮಾತಾಡಿದೆ. ಕನ್ನಡದಲ್ಲೇ ಬರೆದು ಕಳಿಸಿ ಅಂದರು. ಅರ್ಜಿಯ ಮೊದಲ ಸಾಲು "ಈ ಹಾಳೆಯಲ್ಲಿ ಇಸವಿ ಇಲ್ಲ" ಅಂತಲೇ ಇಟ್ಟಿದ್ದೇನೆ. ಹೊಸ ರಿಜಿಸ್ಟರ್ ತೆಗೆದಿದ್ದೇನೆ. ಟ್ರಂಕ್ ಈಗ ಡೆಡ್ ಸ್ಟಾಕ್‌ನಿಂದ ಹೊರಗೆ, ಟೇಬಲ್ ಫ್ಯಾನ್ ಒಂದೇ ಉಳಿದಿದೆ.

ಎಚ್ಒಡಿ ಸರ್‌ಗೆ ಬನಶಂಕರಿ ಹಾಳೆ ತೋರಿಸಿದೆ. ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಅವರ ಅಜ್ಜ ಗಜೇಂದ್ರಗಡದಿಂದ ಬಂಡಿ ಕಟ್ಟಿಕೊಂಡು ಆ ಜಾತ್ರೆಗೆ ನಾಟಕ ನೋಡಲು ಹೋಗುತ್ತಿದ್ದರಂತೆ. ಸಲಹೆಗಾರರಾಗಲು ತಾವೇ ಒಪ್ಪಿದರು. @ಪಟ್ಟು ಬಿಡದವ, ಕ್ಷಮಿಸಿ.

ಪ್ರಿನ್ಸಿಪಾಲರು ಅನುಮತಿ ಪತ್ರಕ್ಕೆ ಸಹಿ ಹಾಕಿದರು. ಆಡಿಟ್ ಇಲ್ಲ ಅಂದ ಕೂಡಲೇ. ಆದರೆ ಸೀಲ್ ಇರುವ ಬೀರುವಿನ ಕೀಲಿ ಸೂಪರಿಂಟೆಂಡೆಂಟ್ ಹತ್ತಿರ, ಅವರು ಮಗಳ ಮದುವೆಗೆ ರಜೆ, ಸೋಮವಾರ ಬರುತ್ತಾರೆ.

ಗೆದ್ದಲು:
ಬೀರು ಮರದ್ದಾ? ಹೇಳಿ, ನಾನು ನೋಡಿಕೊಳ್ಳುತ್ತೇನೆ.